ಹಿತ್ತಿಲ ಚಪ್ಪರಕ್ಕೆ ಯಾವ ಮರ?

ಕನ್ನಡದಲ್ಲಿ ಚಪ್ಪರ, ತುಳುವಿನಲ್ಲಿ ದೊಂಪ, ಮಲೆಯಾಳದಲ್ಲಿ ಪಂದಲ್. ಹೆಸರು ಯಾವುದಾದರೂ ಕಾಸರಗೋಡಿನ ಕಡೆಯ ಹಿತ್ತಿಲಿಗೆ ಅದು ಅಲಂಕಾರವಷ್ಟೇ ಅಲ್ಲ, ಅಡುಗೆಮನೆಯ ಆಧಾರವೂ ಹೌದು. ಬಸಳೆ, ಸೋರೆ, ಪಡುವಲಗಳಿಗಾಗಿ ವರ್ಷ ವರ್ಷವೂ ಚಪ್ಪರ ಕಟ್ಟುವ ಬದಲು, ಹತ್ತಾರು ವರ್ಷ ನಿಲ್ಲುವಂಥದನ್ನು ಒಮ್ಮೆ ಮಾಡಿಸಿಬಿಡೋಣವೆಂದು ನಮ್ಮಲ್ಲಿ ಅನೇಕರು ಬಯಸುತ್ತೇವೆ. ಆಗ ಮೊದಲು ನೋಡಬೇಕಾದುದು ಮರದ ಅಂದವನ್ನಲ್ಲ, ಬಾಳಿಕೆಯನ್ನು. ಬಳ್ಳಿ ದಟ್ಟವಾಗಿ ಹಬ್ಬಿ, ಮಳೆನೀರಿನಿಂದ ಭಾರವಾದ ಹೊತ್ತಿನಲ್ಲಿಯೇ ಬುಡ ಲಡ್ಡಾದ ಕಂಬ ಕುಸಿಯುತ್ತದೆ. ಅದರಡಿಯಲ್ಲಿ ಮಕ್ಕಳು ಆಡುವುದೂ ಹಿರಿಯರು ಕುಳಿತಿರುವುದೂ ಉಂಟಷ್ಟೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆಯಾಗುತ್ತದೆ. ಮರವನ್ನು ಕೊಳೆಯಿಸುವುದು ಬರಿಯ ನೀರಲ್ಲ, ನೀರಿನ ಆಸರೆಯಲ್ಲಿ ಬೆಳೆಯುವ ಶಿಲೀಂಧ್ರ. ಮರದ ತೇವಾಂಶ ನೂರಕ್ಕೆ 20ಕ್ಕಿಂತ ಕಡಿಮೆಯಿದ್ದರೆ ಅದು ಬೆಳೆಯಲಾರದು. ತೇವವೂ ಗಾಳಿಯೂ ಕೂಡುವ ನೆಲಮಟ್ಟದಲ್ಲಿ ಕಂಬ ಮೊದಲು ಹಾಳಾಗುವುದು ಇದರಿಂದಲೇ. ಒಳಗಿನ ಚೇಗಿನಲ್ಲಿ ಹುಳು, ಶಿಲೀಂಧ್ರಗಳನ್ನು ತಡೆಯುವ ದ್ರವ್ಯಗಳಿರುತ್ತವೆ. ಹೊರಗಿನ ಬಿಳಿಮರದಲ್ಲಿ ಅವು ಇರುವುದಿಲ್ಲ. ತೇಗವೆಂಬ ಹೆಸರೊಂದನ್ನೇ ನೆಚ್ಚಿ ಎಳೆಯ ಮರವನ್ನು ಕೊಂಡರೆ, ಬಹುಪಾಲು ಬಿಳಿಮರಕ್ಕೇ ಹಣ ತೆತ್ತಂತಾಗುವುದು.

ಗಡಿನಾಡಿನವರಾದ ನಮಗೆ ಹೆಸರಿನ ತೊಡಕು ಬೇರೆ. ಮರದ ಮಿಲ್ಲಿನಲ್ಲಿ ವ್ಯವಹಾರ ಮಲೆಯಾಳದಲ್ಲಿ ನಡೆಯುತ್ತದೆ. ಅಲ್ಲಿ 'ವೆಣ್‌ತೇಕ್' ಎಂದರೆ ತೇಗದ ಒಂದು ಜಾತಿಯಲ್ಲ, ನಮ್ಮ ನಂದಿಮರ; ಬಾಳಿಕೆಯಲ್ಲಿ ತೇಗಕ್ಕೆ ಸಾಟಿಯಲ್ಲ. 'ಇರುಳ್' ಎಂದರೆ ಜಂಬೆ, 'ಕಂಬಗಂ' ಎಂದರೆ ಕಿರಾಲ್‌ಬೋಗಿ, 'ಆಂಞಿಲಿ' ಎಂದರೆ ಹೆಬ್ಬಲಸು, 'ಕರಿಮರುದು' ಎಂದರೆ ಮತ್ತಿ. ಎರಡೂ ಹೆಸರುಗಳನ್ನು ಬರೆದುಕೊಂಡು ಹೋಗುವುದು ಲೇಸು.

ಕಂಬಗಳಿಗೆ ಜಂಬೆ, ಕಿರಾಲ್‌ಬೋಗಿ ಅಥವಾ ಬಲಿತ ತೇಗದ ಚೇಗು ಉತ್ತಮ. ಮೊದಲೆರಡು ಬಹಳ ಗಟ್ಟಿಯಾದುದರಿಂದ ಮೊಳೆ ಹೊಡೆಯುವ ಮುನ್ನ ತೂತು ಕೊರೆಯಬೇಕು. ಮೇಲಿನ ಅಡ್ಡಪಟ್ಟಿಗಳಿಗೆ ಹೆಬ್ಬಲಸು, ಹಲಸುಗಳ ಚೇಗು ಸಾಕು. ಮಾವಿನ ಮರ ಅಗ್ಗವಾದರೂ ಬಯಲಿಗೆ ಒದಗದು. ರಬ್ಬರ್ ಮರವೂ ಅಷ್ಟೇ. ಅದಕ್ಕೆ ಬೋರಾನಿನ ಮದ್ದನ್ನಷ್ಟೇ ಉಣಿಸಿದ್ದರೆ, ಆ ಮದ್ದು ಮಳೆಗೆ ತೊಳೆದುಹೋಗುತ್ತದೆ.

ತೆಂಗಿನ ಮರದಲ್ಲಿ ಗಟ್ಟಿತನವಿರುವುದು ಹೊರ ಅಂಚಿನಲ್ಲಿ, ಅದರಲ್ಲಿಯೂ ಬುಡದ ಕಡೆಗೆ, ನಡುತಿರುಳು ಮೆದು. ಮುದಿಮರದ ಹೊರಸೀಳುಗಳು ಮೇಲ್ಭಾಗಕ್ಕೆ ಆಗಬಹುದು, ಮಣ್ಣಿನಲ್ಲಿ ಹೂಳಲಾಗದು. ಮದ್ದು ಕಾಣದ ಬಿದಿರು ಮಣ್ಣು ತಾಗಿದರೆ ಒಂದೆರಡು ವರ್ಷಕ್ಕಿಂತ ಹೆಚ್ಚು ನಿಲ್ಲದು. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಡುವ ಹಿರಿಯರ ಪದ್ಧತಿಗೆ ಅರ್ಥವಿದೆ. ಅದರ ಸಕ್ಕರೆ, ಪಿಷ್ಟಗಳ ಅಂಶ ಕರಗಿ ಕುಟ್ಟೆಹುಳುವಿನ ಕಾಟ ತಗ್ಗುತ್ತದೆ.

ಮರ ಯಾವುದೇ ಇರಲಿ, ಕಂಬದ ಬುಡವನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ಕಬ್ಬಿಣದ ಹಿಡಿಕೆಯಿಂದ ಬಿಗಿದು ನಿಲ್ಲಿಸುವುದು ಮುಖ್ಯ. ಹಳೆಯ ಮನೆಗಳ ಜಗಲಿಕಂಬಗಳಿಗೂ ಕಲ್ಲಿನ ಪೀಠವೇ ಆಸರೆ. ತುದಿಯ ಕೊಯ್ತಗಳನ್ನು ತುಸು ಓರೆಯಾಗಿ ಕತ್ತರಿಸಿದರೆ ನೀರು ನಿಲ್ಲದು. ವಾಹನದ ಹಳೆಯ ಎಣ್ಣೆ ಬಳಿಯುವ ಅಭ್ಯಾಸವನ್ನು ಮಾತ್ರ ಬಿಡಬೇಕು. ಅದು ಮರದೊಳಗೆ ಆಳವಾಗಿ ಇಳಿಯದು. ತೊಳೆದುಹೋದ ಅಂಶ ಸೇರುವುದು ನಾವು ಉಣ್ಣುವ ಬಸಳೆಯ ಬುಡಕ್ಕೆ. ತಾಮ್ರ, ಕ್ರೋಮಿಯಂಗಳೊಡನೆ ಆರ್ಸೆನಿಕ್ ಬೆರೆಸಿದ ಮದ್ದನ್ನು ಅಮೆರಿಕದಲ್ಲಿ ಮನೆಬಳಕೆಯ ಬಹುತೇಕ ಮರಗಳಿಗೆ 2003ರ ಕೊನೆಯಿಂದ ಕೈಬಿಟ್ಟಿದ್ದಾರೆ ಎಂಬುದೂ ನೆನಪಿರಲಿ.

ಹಿತ್ತಿಲಲ್ಲಿ ಬೆಳೆದ ಮರವನ್ನೇ ಕಡಿಸುವವರು ಮುಂಚಿತವಾಗಿ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಸ್ವಂತ ಭೂಮಿಯಾದರೂ ಕೆಲವು ಜಾತಿಗಳಿಗೆ ನಿಯಮಗಳುಂಟು. ಅದಕ್ಕೂ ಮೊದಲು ಇನ್ನೊಂದು ಮಾತು. ಅಜ್ಜನ ಕಾಲದ ಕಿರಾಲ್‌ಬೋಗಿಯೊಂದನ್ನು ಬಸಳೆಗಾಗಿ ಉರುಳಿಸಬೇಕೆ? ಹಳೆಯ ಮನೆ ಕೆಡವಿದಲ್ಲಿ ದೊರೆಯುವ ತೊಲೆ, ಪಕ್ಕಾಸುಗಳು ಚೆನ್ನಾಗಿ ಒಣಗಿ ಬಲಿತ ಮರಗಳೇ. ಗೆದ್ದಲು ಹಿಡಿದಿಲ್ಲವೆಂದು ಕುಟ್ಟಿ ನೋಡಿ ಕೊಳ್ಳಬಹುದು. ನಾಲ್ಕು ಮುರಕಲ್ಲಿನ ಕಂಬ ಕಟ್ಟಿಸಿ, ಮೇಲಕ್ಕೆ ಅವನ್ನು ಹಾಸಿದರೆ ಚಪ್ಪರವೂ ಆಯಿತು, ನಿಂತ ಮರವೂ ಉಳಿಯಿತು.