ಓಡುವ ಕಾರು, ಓಡದ ಮುಳ್ಳು

ಹಳೆಯ ಕಾರಿನ ಕ್ಲಚ್ ಪ್ಲೇಟನ್ನೋ ಗೇರ್‌ಬಾಕ್ಸನ್ನೋ ರಿಪೇರಿ ಮಾಡಿಸಿ ಹೊರತಂದ ಮೇಲೆ ಸ್ಪೀಡೋಮೀಟರಿನ ಮುಳ್ಳು ಸೊನ್ನೆಯ ಮೇಲೆಯೇ ಮಲಗಿದ್ದರೆ, ದೋಷವನ್ನು ಮೊದಲು ಆ ರಿಪೇರಿಯಲ್ಲಿ ಹುಡುಕಬೇಕು, ಮೀಟರಿನಲ್ಲಲ್ಲ. ಮುಳ್ಳು ಏಳದ ಕಾರನ್ನು ಒಡೆಯನ ಕೈಗೆ ಒಪ್ಪಿಸುವುದೆಂದರೆ ಅರ್ಧ ಕೆಲಸಕ್ಕೆ ಪೂರ್ಣ ಕೂಲಿ ಪಡೆಯುವುದೆಂದೇ ನಾನು ತಿಳಿಯುತ್ತೇನೆ.

ನನ್ನ ಸೋದರಳಿಯನ ಬಳಿ ಒಂದು ಹಳೆಯ ಮಾರುತಿ 800 ಇದೆ. ಕ್ಲಚ್ ಪ್ಲೇಟ್ ಹಾಕಿಸಿಕೊಂಡು ಕೋಡ್ಲಾಕ್ಕೆ ಬಂದವನು, "ಮಾಮಾ, ಗಾಡಿ ಛಲೋ ಆಗ್ಯಾದ, ಆದ್ರ ಮೀಟರ್ ಸತ್ತಾದ ನೋಡ್ರಿ" ಎಂದ. ಮಿಸ್ತ್ರಿಯನ್ನು ಕೇಳಿದ್ದಕ್ಕೆ, "ಮೀಟರ್ ಹೋಗ್ಯಾದ್ರಿ, ಹೊಸಾದು ಹಾಕಬೇಕಾಗ್ತದ" ಎಂಬ ಉತ್ತರ ಬಂದಿತ್ತಂತೆ. ಗ್ಯಾರೇಜಿಗೆ ಹೋಗುವವರೆಗೆ ನಡೆಯುತ್ತಿದ್ದ ಮೀಟರು, ಗೇರ್‌ಬಾಕ್ಸ್ ಇಳಿಸಿದ ದಿನವೇ ತಾನಾಗಿ ಸಾಯುವುದು ಅಸಾಧ್ಯವೇನಲ್ಲ. ಆದರೆ ಕೈ ತಾಗಿದ ಜಾಗವನ್ನು ಬಿಟ್ಟು ಕೈ ತಾಗದ ಜಾಗವನ್ನು ದೂಷಿಸುವುದು ಯಾವ ತರ್ಕ?

ನನ್ನ ವಿದ್ಯಾರ್ಥಿಗಳಾಗಿದ್ದವರಿಗೆ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ನೆನಪಿರಬಹುದು. ಹಳೆಯ ಸ್ಪೀಡೋಮೀಟರು ಆ ಪಾಠವೇ. ಗೇರ್‌ಬಾಕ್ಸಿನೊಳಗೆ ಒಂದು ಪುಟ್ಟ ಹಲ್ಲುಗಾಲಿ ಚಕ್ರಗಳ ವೇಗಕ್ಕೆ ಅನುಗುಣವಾಗಿ ತಿರುಗುತ್ತದೆ. ಅದಕ್ಕೆ ಜೋಡಿಸಿದ ಕೇಬಲ್ಲಿನ ಒಳತಂತಿ ಆ ತಿರುಗುವಿಕೆಯನ್ನು ಡ್ಯಾಶ್‌ಬೋರ್ಡಿಗೆ ಒಯ್ದು ಅಲ್ಲಿ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತಕ್ಕೂ ಅದರ ಮೇಲಿನ ಅಲ್ಯೂಮಿನಿಯಂ ಬಟ್ಟಲಿಗೂ ಸ್ಪರ್ಶವೇ ಇಲ್ಲ. ಆದರೂ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಅದು ಅಯಸ್ಕಾಂತದ ಹಿಂದೆ ತಿರುಗಲು ಹವಣಿಸುತ್ತದೆ. ಕೂದಲೆಳೆಯಂಥ ಸ್ಪ್ರಿಂಗು ತಡೆಯುತ್ತದೆ. ಈ ಜಗ್ಗಾಟ ಸಮನಾದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟೋ ಶುಲ್ಜೆ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ನಮ್ಮ ಅಂಬಾಸಿಡರು, ಪದ್ಮಿನಿಗಳೆಲ್ಲ ಇದೇ ತತ್ತ್ವದ ಮೇಲೆ ಓಡಿದವು.

ಕಿಲೋಮೀಟರ್ ಎಣಿಸುವ ಅಂಕಿಗಳನ್ನು ತಿರುಗಿಸುವುದೂ ಅದೇ ಕೇಬಲ್ಲು. ಆದ್ದರಿಂದ ಮುಳ್ಳು ಮಾತ್ರ ಸತ್ತು ಅಂಕಿಗಳು ಓಡುತ್ತಿದ್ದರೆ ದೋಷ ಮೀಟರಿನದು. ಎರಡೂ ಒಟ್ಟಿಗೆ ನಿಂತಿದ್ದರೆ ಸಂಶಯ ಕೇಬಲ್ಲಿನ ಮೇಲೆ, ಇಲ್ಲವೇ ಹಲ್ಲುಗಾಲಿಯ ಮೇಲೆ. ಅಳಿಯನ ಕಾರಿನಲ್ಲಿ ಎರಡೂ ನಿಂತಿದ್ದವು. ಗೇರ್‌ಬಾಕ್ಸ್ ಇಳಿಸಬೇಕಾದರೆ ಆ ಕೇಬಲ್ಲನ್ನು ಬಿಚ್ಚಲೇಬೇಕು. ಬಾನೆಟ್ ಎತ್ತಿ ಟಾರ್ಚ್ ಹಿಡಿದು ನೋಡಿದರೆ, ಅದರ ಕೆಳತುದಿ ಜೋಡಣೆಯೇ ಆಗದೆ ಪಕ್ಕದಲ್ಲಿ ಜೋತುಬಿದ್ದಿತ್ತು. ಒಳತಂತಿಯ ಚೌಕ ತುದಿಯನ್ನು ಅದರ ತೂತಿನಲ್ಲಿ ಕೂಡಿಸಿ ಬಿಗಿ ಮಾಡಿದ. ಖರ್ಚು ಸೊನ್ನೆ.

ಎಲ್ಲರಿಗೂ ಇಷ್ಟು ಸುಲಭವಾಗಲಾರದು. ಕೇಬಲ್ ಸರಿಯಾಗಿ ಕೂತಿದ್ದೂ ಮೀಟರ್ ನಡೆಯದಿದ್ದರೆ ಅದನ್ನು ಬಿಚ್ಚಿ, ಒಳತಂತಿಯ ಒಂದು ತುದಿಯನ್ನು ಬೆರಳಿನಿಂದ ತಿರುಗಿಸಿ. ಇನ್ನೊಂದು ತುದಿ ತಿರುಗದಿದ್ದರೆ ಒಳಗೆ ತುಂಡಾಗಿದೆ. ತಿರುಗಿದರೆ ಹಲ್ಲುಗಾಲಿಯನ್ನು ತೆಗೆಸಿ ನೋಡಬೇಕು, ಪ್ಲಾಸ್ಟಿಕ್ಕಿನದಾದರೆ ಹಲ್ಲು ಸವೆದಿರಬಹುದು. ಮುಳ್ಳು ನಡುಗುತ್ತಿದ್ದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಮಡಿಕೆ ಬಿದ್ದಿದೆ. ಈಚಿನ ಕಾರುಗಳಲ್ಲಿ ಕೇಬಲ್ಲೇ ಇಲ್ಲ, ಸೆನ್ಸರು. ಅಲ್ಲಿಯೂ ಮೊದಲ ಪ್ರಶ್ನೆ ಒಂದೇ: ಬಿಚ್ಚಿದ ಪ್ಲಗ್ಗನ್ನು ಮತ್ತೆ ಚುಚ್ಚಿದ್ದಾರೆಯೇ?

"ಮೊಬೈಲಿನಲ್ಲಿ ಸ್ಪೀಡು ಕಾಣಿಸ್ತದಲ್ರಿ ಸರ್, ಮೀಟರ್ ಯಾಕ ಬೇಕು?" ಎಂದು ಕೇಳುವ ಹುಡುಗರಿದ್ದಾರೆ. ಮೊಬೈಲು ವೇಗ ತೋರಿಸೀತು. ಕಾರಿನ ಅಂಕಿಗಳನ್ನು ಅದು ಮುಂದೆ ಸರಿಸುವುದಿಲ್ಲ. ಎಂಜಿನ್ ಎಣ್ಣೆ, ಟೈಮಿಂಗ್ ಬೆಲ್ಟ್ ಎಲ್ಲವನ್ನೂ ಬದಲಿಸುವ ಲೆಕ್ಕ ಕಿಲೋಮೀಟರಿನದು. ಅಂಕಿ ನಿಂತ ಕಾರನ್ನು ಎರಡು ವರ್ಷ ಓಡಿಸಿ ಮಾರಿದರೆ, ಕೊಳ್ಳುವ ಬಡವ ಸುಳ್ಳನ್ನೇ ನಂಬಿ ಹಣ ಕೊಡುತ್ತಾನೆ. ಆ ಸುಳ್ಳನ್ನು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ, ಅಷ್ಟೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 117ನೆಯದು ಸ್ಪೀಡೋಮೀಟರಿಗೇ ಮೀಸಲು. ಇನ್ನು ನಮ್ಮ ಸೇಡಂ, ಮಳಖೇಡ, ವಾಡಿಯ ರಸ್ತೆಗಳಲ್ಲಿ ಸಿಮೆಂಟ್ ಲಾರಿಗಳ ಬೆನ್ನಿಗೆ ಹೋಗುವಾಗ, ಅಂದಾಜಿನ ವೇಗವನ್ನು ನಂಬುವುದು ಜಾಣತನವಲ್ಲ. ಅಗಲವಾದ ಹೊಸ ರಸ್ತೆಯಲ್ಲಿ 80 ಕೂಡ 50ರಂತೆ ತೋರುತ್ತದೆ.

ಮಿಸ್ತ್ರಿಗಳೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಬಿಸಿಲಿನಲ್ಲಿ, ಗಾಡಿಯ ಕೆಳಗೆ ಮಲಗಿ, ಸಂಜೆಯೊಳಗೆ ಕೊಡಬೇಕೆಂಬ ಒತ್ತಾಯದಲ್ಲಿ ದುಡಿಯುವವರು ಅವರು. ಆದರೆ ಒಂದು ಕಿಲೋಮೀಟರ್ ಓಡಿಸಿ ನೋಡಿದ್ದರೆ ಇದು ಅಲ್ಲಿಯೇ ತಿಳಿಯುತ್ತಿತ್ತು. ನಾವಾದರೂ ಹಣ ಎಣಿಸುವ ಮೊದಲು ಅಂಕಿಗಳನ್ನು ಬರೆದಿಟ್ಟುಕೊಂಡು ಒಂದು ಸುತ್ತು ಹೋಗಿಬರಬೇಕು.

ಮುಳ್ಳು ಎದ್ದ ಮೇಲೆ ಅದು ನಿಜ ಹೇಳುತ್ತಿದೆಯೇ ಎಂಬುದನ್ನೂ ನೋಡಿ. ಬೇರೆ ಗಾಡಿಯ ಗೇರ್‌ಬಾಕ್ಸ್ ಕೂಡಿಸಿದ್ದರೆ ಹಲ್ಲಿನ ಲೆಕ್ಕ ತಪ್ಪಬಹುದು. ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸುತ್ತ, ಎರಡು ಕಿಲೋಮೀಟರ್ ಕಲ್ಲುಗಳ ನಡುವಿನ ಸೆಕೆಂಡುಗಳನ್ನು ಪಕ್ಕದಲ್ಲಿ ಕುಳಿತವರು ಎಣಿಸಲಿ. 3600ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಜವಾದ ವೇಗ: 90 ಸೆಕೆಂಡಾದರೆ 40, 72 ಆದರೆ 50, 60 ಆದರೆ 60. ಮುಳ್ಳು ಇದಕ್ಕಿಂತ ತುಸು ಹೆಚ್ಚು ತೋರಿದರೆ ಗಾಬರಿ ಬೇಡ, ತಯಾರಕರು ಸಾಮಾನ್ಯವಾಗಿ ಹಾಗೆಯೇ ಇಟ್ಟಿರುತ್ತಾರೆ. ಕಡಿಮೆ ತೋರಿದರೆ ಮಾತ್ರ ಗಾಡಿಯನ್ನು ಅದೇ ದಿನ ಗ್ಯಾರೇಜಿಗೆ ಹೊರಳಿಸಿ.