ಅರ ಸವೆದಿಲ್ಲ, ಕಟ್ಟಿಕೊಂಡಿದೆ

ಫಿಟ್ಟಿಂಗ್ ಲ್ಯಾಬಿನಲ್ಲಿ ಪ್ರತಿ ಬ್ಯಾಚಿನ ಬಾಯಲ್ಲೂ ಒಂದೇ ಮಾತು: "ಈ ಫೈಲ್ ಸವೆದೋಗಿದೆ ಸಾರ್, ಬೇರೆ ಕೊಡಿ." ಅದನ್ನೇ ಒಮ್ಮೆ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಎಷ್ಟೋ ಸಲ ಹಲ್ಲು ಸವೆದಿರೋದೇ ಇಲ್ಲ. ಹಲ್ಲಿನ ಸಂದಿಯಲ್ಲಿ ಲೋಹದ ಪುಡಿ ಗಟ್ಟಿಯಾಗಿ ಕೂತಿರುತ್ತೆ, ಅಷ್ಟೆ. ಅಲ್ಯೂಮಿನಿಯಂ, ಮೈಲ್ಡ್ ಸ್ಟೀಲ್‌ನಂಥ ಮೆತ್ತನೆ ಲೋಹ ಉಜ್ಜಿದರೆ ಇದು ಬೇಗ ಆಗುತ್ತೆ. ಸ್ಮೂತ್ ಫೈಲ್, ನೀಡಲ್ ಫೈಲ್‌ಗಳಲ್ಲಂತೂ ಸಂದಿಯೇ ಸಣ್ಣದು. ಅಲ್ಲಿ ಕೂತ ಒಂದು ಕಣ ಸಾಕು, ಕೊನೆಯ ಫಿನಿಶ್ ಕೊಡುವಾಗ ಜಾಬ್ ಮೇಲೆ ಉದ್ದಕ್ಕೂ ಗೀರು ಬೀಳಲು.

ವರ್ಕ್‌ಶಾಪ್ ಅವಧಿಯ ಕೊನೆಯ ಹತ್ತು ನಿಮಿಷವನ್ನು ಅರ ಸ್ವಚ್ಛ ಮಾಡೋದಕ್ಕೇ ಮೀಸಲಿಡಬೇಕು, ಅದಕ್ಕೆ ಅಂಕವನ್ನೂ ಕೊಡಬೇಕು ಎನ್ನುವುದು ನಮ್ಮ ವಾದ. ಈಗ ಅಂಕವೆಲ್ಲ ಜಾಯಿಂಟ್ ಎಷ್ಟು ಕೂತಿದೆ ಅನ್ನೋದಕ್ಕೆ. ಫೈಲ್ ಯಾವುದರಿಂದ ಮಾಡಿದ್ದು ಅಂತ ವೈವಾದಲ್ಲಿ ಕೇಳಿದರೆ "ಹೈ ಕಾರ್ಬನ್ ಸ್ಟೀಲ್" ಅಂತ ಎಲ್ಲರೂ ಥಟ್ಟನೆ ಹೇಳ್ತೀವಿ. ಆಮೇಲೆ ಪುಡಿ ಉದುರಲಿ ಅಂತ ಅದನ್ನೇ ವೈಸ್‌ಗೆ ಬಡಿಯೋದು! ಹದ ಮಾಡಿದ ಹಲ್ಲು ಎಷ್ಟು ಗಡುಸೋ ಅಷ್ಟೇ ಪೆಡಸು, ಬಡಿದರೆ ಮುರಿಯುತ್ತೆ. ಡ್ರಾಯರಿನಲ್ಲಿ ಒಂದರ ಮೇಲೊಂದು ಒಟ್ಟಿದರೂ ಅದೇ ಗತಿ.

ಕೆಲಸ ದೊಡ್ಡದೇನಲ್ಲ. ಫೈಲ್ ಕಾರ್ಡ್ ಅನ್ನುವ ಗಿಡ್ಡ ತಂತಿಯ ಬ್ರಷ್ಷನ್ನು ಹಲ್ಲಿನ ಸಾಲು ಹೋಗುವ ದಿಕ್ಕಿನಲ್ಲೇ ಎಳೆಯಬೇಕು, ಅಡ್ಡ ಅಲ್ಲ. ಅದಕ್ಕೂ ಜಗ್ಗದ ಕಣಕ್ಕೆ ಹಿತ್ತಾಳೆ ಪಟ್ಟಿಯ ಅಂಚನ್ನು ಸಾಲಿನುದ್ದಕ್ಕೆ ಒತ್ತಿ ತಳ್ಳಿ. ಒಂದೆರಡು ಸಲಕ್ಕೆ ಪಟ್ಟಿಯ ಅಂಚೇ ಹಲ್ಲಿನ ಆಕಾರಕ್ಕೆ ಕೊರೆದುಕೊಂಡು, ಬಾಚಣಿಗೆಯ ಹಾಗೆ ಸಂದಿಗೆ ಇಳಿಯುತ್ತೆ. ನುಣುಪು ಅರಗಳಿಗೆ ಗಡಸು ಉಕ್ಕಿನ ತಂತಿ ಬೇಡ, ಹಿತ್ತಾಳೆ ಬ್ರಷ್ಷೇ ವಾಸಿ. ಕೆಲಸ ಶುರು ಮಾಡೋ ಮೊದಲು ಸೀಮೆಸುಣ್ಣ ಸವರಿದರೆ ಪುಡಿ ಕಚ್ಚಿಕೊಳ್ಳೋದೇ ಕಡಿಮೆ. ಎಣ್ಣೆ ಮಾತ್ರ ಹಚ್ಚಬೇಡಿ, ಅರ ಜಾರುತ್ತೆ. ಎತ್ತಿಡುವಾಗ ಸುಣ್ಣವನ್ನೂ ಉದುರಿಸಿಬಿಡಿ, ಅದು ತೇವ ಹಿಡಿಯುತ್ತೆ. ಶಿವಮೊಗ್ಗದ ಮಳೆಗಾಲದಲ್ಲಿ ತೇವ ಅಂದ್ರೆ ತುಕ್ಕು ಅಂತಲೇ ಲೆಕ್ಕ.

"ಸಿಎನ್‌ಸಿ ಕಾಲದಲ್ಲಿ ಅರ ಯಾಕೆ?" ಅನ್ನುವವರಿದ್ದಾರೆ. ಮಷೀನ್ ಕತ್ತರಿಸಿ ಕೊಟ್ಟ ಅಂಚಿನ ಮುಳ್ಳನ್ನು ತೆಗೆಯೋಕೆ, ಡೈಯ ಮೂಲೆಯನ್ನು ಹದಕ್ಕೆ ತರೋಕೆ ಇವತ್ತಿಗೂ ಕೈಗೆ ಬರೋದು ಇದೇ. ಫೌಂಡ್ರಿ, ಮಷೀನ್ ಶಾಪ್‌ಗಳಿರುವ ಮಾಚೇನಹಳ್ಳಿ ಇಲ್ಲೇ ಪಕ್ಕದಲ್ಲಿದೆ. ಅದನ್ನು ದಾಟಿದರೆ ಭದ್ರಾವತಿ. 1923ರಲ್ಲಿ ಅಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ ಕಾರ್ಖಾನೆ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು ಮಿಶ್ರಲೋಹದ ಉಕ್ಕಿಗೆ ಹೆಸರಾಯಿತು. ಇಂಥ ಊರಿನ ಮಗ್ಗುಲಲ್ಲಿ ಕೂತು ಉಕ್ಕಿನ ಬಗ್ಗೆ ಬರೀ ರೆಕಾರ್ಡ್ ಬರೆದರೆ ಹೇಗೆ? (ಆ 'ಫೈಲ್' ಮಾತ್ರ ಫಳಫಳ ಹೊಳೀತಿರುತ್ತೆ, ಬಿಡಿ.)

ಮುಂದಿನ ಸೆಮಿಸ್ಟರ್ ಶುರುವಾಗೋ ಹೊತ್ತಿಗೆ ಪ್ರತಿ ಬೆಂಚಿಗೆ ಒಂದು ಫೈಲ್ ಕಾರ್ಡ್, ಒಂದು ತುಂಡು ಹಿತ್ತಾಳೆ ಪಟ್ಟಿ, ಅರಗಳನ್ನು ಬಿಡಿಬಿಡಿಯಾಗಿ ನಿಲ್ಲಿಸೋಕೆ ತೂತು ಕೊರೆದ ಒಂದು ಮರದ ಹಲಗೆ ಬರಲಿ. ಹಲಗೆಯನ್ನು ಕಾರ್ಪೆಂಟ್ರಿ ಬ್ಯಾಚಿನವರೇ ಮಾಡಿಕೊಡಬಹುದು. ಸೀಮೆಸುಣ್ಣಕ್ಕಂತೂ ದುಡ್ಡು ಕೇಳೋದೇ ಬೇಡ. ಪ್ರೊಜೆಕ್ಟರ್ ಬಂದ ಮೇಲೆ ಕ್ಲಾಸುಗಳಲ್ಲಿ ಅದು ಡಬ್ಬಿಗಟ್ಟಲೆ ಉಳಿದಿದೆ.