ಮಾಸಿದ ಬಣ್ಣದ ಬುಗಾಟಿ, ನಮ್ಮ ಮನೆಯ ಫಿಯೆಟ್

ಆಗಸ್ಟ್ ತಿಂಗಳ ಒಂದು ಭಾನುವಾರ ಪೆಬಲ್ ಬೀಚ್ ಗಾಲ್ಫ್ ಮೈದಾನದ 18ನೇ ಹೋಲ್‌ನಲ್ಲಿ ಗಾಲ್ಫ್ ಇರುವುದಿಲ್ಲ, ಕಾರುಗಳಿರುತ್ತವೆ. ಒಂದು ಕಡೆ ಕಾರ್ಮೆಲ್ ಕೊಲ್ಲಿಯ ಸಮುದ್ರ, ಇನ್ನೊಂದು ಕಡೆ ದೊಡ್ಡ ಹೋಟೆಲ್, ನಡುವಿನ ಹುಲ್ಲಿನ ಮೇಲೆ ಇನ್ನೂರಕ್ಕೂ ಹೆಚ್ಚು ಹಳೇ ಕಾರುಗಳು. ಇದಕ್ಕೆ ‘ಕಾಂಕೂರ್ ಡೆಲೆಗಾನ್ಸ್’ ಅಂತ ಫ್ರೆಂಚ್ ಹೆಸರು. ನಮ್ಮ ಮಾತಲ್ಲಿ ಹೇಳಬೇಕೆಂದರೆ ಕಾರುಗಳ ಅಂದದ ಸ್ಪರ್ಧೆ.

ನಾನಿರುವ ಸಾನ್ ಹೊಸೆಯಿಂದ ಅಲ್ಲಿಗೆ ಒಂದೂವರೆ ಗಂಟೆ ದಾರಿ. ಊರಿಂದ ಅಪ್ಪ–ಅಮ್ಮ ಬಂದರೆ ಅಲ್ಲಿನ 17 ಮೈಲ್ ಡ್ರೈವ್ ತೋರಿಸಿ, ಬಂಡೆ ಮೇಲಿನ ಒಂಟಿ ಸೈಪ್ರೆಸ್ ಮರದ ಮುಂದೆ ಫೋಟೊ ತೆಗೆಯೋದು ಇಲ್ಲಿನ ಕನ್ನಡಿಗರಿಗೆಲ್ಲ ರೂಢಿ. ಕಾಂಕೂರ್‌ಗೆ ಮಾತ್ರ ಯಾರೂ ಹೋಗಲ್ಲ. ಟಿಕೆಟ್ಟಿಗೆ ನೂರಾರು ಡಾಲರ್. 2024ರಲ್ಲಿ ಆಫೀಸಿನ ಗೆಳತಿಯೊಬ್ಬಳು ತನ್ನ ಹತ್ತಿರ ಹೆಚ್ಚಿಗೆ ಇದ್ದ ಟಿಕೆಟ್ ಕೊಟ್ಟಳು, ಹೋದೆ.

ಬೆಳಗಿನ ಜಾವಕ್ಕೇ ಹೋಗಬೇಕು. ಕತ್ತಲು ಹರಿಯುವ ಹೊತ್ತಿಗೆ ಕಾರುಗಳು ಸಾಲಾಗಿ ಹುಲ್ಲಿನ ಮೇಲೆ ಬರುತ್ತವೆ, ಅದಕ್ಕೆ ‘ಡಾನ್ ಪೆಟ್ರೋಲ್’ ಅನ್ನುತ್ತಾರೆ (ಗಸ್ತು ಅನ್ನೋ ಅರ್ಥದ ಪೆಟ್ರೋಲ್, ಬಂಕ್‌ನದ್ದಲ್ಲ. ವಾಸನೆ ಮಾತ್ರ ಬಂಕ್‌ನದ್ದೇ). ಬೇಸಿಗೆ ಅಂತ ಹೆಸರಿಗಷ್ಟೇ. ಸಮುದ್ರದಿಂದ ಮಂಜು ಎದ್ದು ಸ್ವೆಟರ್ ಇಲ್ಲದಿದ್ದರೆ ಹಲ್ಲು ಕಟಕಟ ಅನ್ನುತ್ತದೆ. ಆ ಮಂಜಿನೊಳಗಿಂದ ಮೊದಲು ಗುಡುಗುಡು ಸದ್ದು, ಆಮೇಲೆ ಎರಡು ಹಳದಿ ಹೆಡ್‌ಲೈಟು, ಆಮೇಲೆ ನಿಧಾನಕ್ಕೆ ಒಂದು ಉದ್ದನೆಯ ಬಾನೆಟ್. ಇಡೀ ದಿನದಲ್ಲಿ ನನಗೆ ತುಂಬ ಹಿಡಿಸಿದ ಹೊತ್ತು ಅದು. ಬಿಸಿಲು ಬಂದ ಮೇಲೆ ಟೋಪಿ, ಶಾಂಪೇನು, ಸೆಲ್ಫಿ. ಅದರ ಬಗ್ಗೆ ಹೇಳೋಕೇನೂ ಇಲ್ಲ.

ಜಡ್ಜುಗಳು ನೀಲಿ ಕೋಟು ತೊಟ್ಟು ಬರುತ್ತಾರೆ. ಕಾರಿನ ಕೆಳಗೆ ಬಗ್ಗಿ ನೋಡುತ್ತಾರೆ, ಲೈಟು ಹಾಕಿಸುತ್ತಾರೆ, ಹಾರ್ನ್ ಒತ್ತಿಸುತ್ತಾರೆ. ಅವರಿಗೆ ಬೇಕಾಗಿರೋದು ಬರೀ ಹೊಳಪಲ್ಲ. ಕಾರು ಫ್ಯಾಕ್ಟರಿಯಿಂದ ಹೊರಬಂದಾಗ ಹೇಗಿತ್ತೋ ಹಾಗೇ ಇದೆಯಾ ಅನ್ನೋದು ಮುಖ್ಯ. ಹಾಗಾಗಿ ಮಾಲೀಕರು ವರ್ಷಗಟ್ಟಲೆ, ಲಕ್ಷಾಂತರ ಡಾಲರ್ ಸುರಿದು ಕಾರನ್ನು ಬಿಚ್ಚಿ ಮತ್ತೆ ಕಟ್ಟಿಸುತ್ತಾರೆ. ನಿಜ ಹೇಳಬೇಕೆಂದರೆ ಎಷ್ಟೋ ಕಾರುಗಳು ಹುಟ್ಟಿದ ದಿನವೂ ಇಷ್ಟು ಮಿರಮಿರ ಮಿಂಚಿರಲಿಕ್ಕಿಲ್ಲ.

ಈ ರಿಪೇರಿ ಹುಚ್ಚು ಮೊದಲಿಂದ ಇದ್ದದ್ದಲ್ಲ. 1950ರಲ್ಲಿ ಇಲ್ಲಿನ ರಸ್ತೆ ರೇಸಿನ ಜೊತೆಗೊಂದು ಮನರಂಜನೆ ಅಂತ ಪ್ರದರ್ಶನ ಶುರುವಾದಾಗ ಗೆದ್ದದ್ದು ಆಗಷ್ಟೇ ತಯಾರಾದ ಹೊಸ ಕಾರು, ಎಡ್ವರ್ಡ್ಸ್ ಸ್ಪೆಷಲ್. ಅದೇ ವರ್ಷ ರೇಸ್ ಗೆದ್ದವನು ಫಿಲ್ ಹಿಲ್, 1961ರಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಆದ ಮೊದಲ ಅಮೆರಿಕನ್. ಆತ 1955ರಲ್ಲಿ ತನ್ನ ಆಂಟಿಯ 1931ರ ಪಿಯರ್ಸ್ ಆ್ಯರೋ ಕಾರನ್ನು ಚೆನ್ನಾಗಿ ರೆಡಿ ಮಾಡಿ ತಂದು ನಿಲ್ಲಿಸಿದ, ಮೊದಲ ಬಹುಮಾನ ಬಂತು. ಮನೆಯ ಹಳೇ ಕಾರನ್ನೂ ಹೀಗೆ ಹೊಸದು ಮಾಡಬಹುದಲ್ಲ ಅಂತ ಎಲ್ಲರಿಗೂ ಹೊಳೆದದ್ದು ಆಗಲೇ.

ಅದಾಗಿ 69 ವರ್ಷದ ಮೇಲೆ ನಾನು ಹೋದ ದಿನ, ಗಾಳಿ ತಿರುಗಿತು. ಸಂಜೆ ಬಣ್ಣದ ಕಾಗದದ ಚೂರುಗಳು ಹಾರಿದ್ದು ಮಿಂಚುವ ಯಾವ ಕಾರಿನ ಮೇಲೂ ಅಲ್ಲ, 1934ರ ಬುಗಾಟಿ ಟೈಪ್ 59 ಸ್ಪೋರ್ಟ್ಸ್ ಮೇಲೆ. ಆ ಕಾಲದಲ್ಲಿ ಬೆಲ್ಜಿಯಂ ಗ್ರ್ಯಾನ್ ಪ್ರೀ ಗೆದ್ದ ಕಾರು ಅದು. ಆಮೇಲೆ ಅದನ್ನು ಕೊಂಡವನು ಬೆಲ್ಜಿಯಂನದೇ ದೊರೆ ಮೂರನೇ ಲಿಯೋಪೋಲ್ಡ್. ಕಪ್ಪು ಬಣ್ಣ ಮಾಸಿದೆ, ಅಲ್ಲಲ್ಲಿ ಎದ್ದುಹೋಗಿದೆ, ಸೀಟಿನ ಚರ್ಮ ಸುಕ್ಕು. ಯಾರೂ ಅದನ್ನು ಹೊಸದು ಮಾಡಲು ಹೋಗಿಲ್ಲ. ರಿಪೇರಿಯ ಹೊಳಪಿಲ್ಲದೆ, ಉಳಿದುಬಂದ ಹಾಗೇ ಇರುವ ಕಾರೊಂದು ಪೆಬಲ್ ಬೀಚಿನ ದೊಡ್ಡ ಪ್ರಶಸ್ತಿ ಪಡೆದದ್ದು ಅದೇ ಮೊದಲು.

ಚಪ್ಪಾಳೆ ತಟ್ಟುತ್ತಾ ನಿಂತಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಸಕಲೇಶಪುರದ ಶೆಡ್ಡು. ಅಲ್ಲಿ ನಮ್ಮ 1978ರ ಪ್ರೀಮಿಯರ್ ಪದ್ಮಿನಿ ಇದೆ. ಹೆಸರು ಪದ್ಮಿನಿಯಾದರೂ ಮನೆಯಲ್ಲಿ ಎಲ್ಲರ ಬಾಯಲ್ಲೂ ಫಿಯೆಟ್ಟೇ. ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ಸ್ಟೀರಿಂಗ್ ಪಕ್ಕದಲ್ಲೇ ಗೇರು. ಹಿಂದಿನ ಸೀಟಿನಲ್ಲಿ ಕಾಫಿ ಮೂಟೆ ಉಜ್ಜಿದ ಗುರುತು. ಡ್ಯಾಶ್‌ಬೋರ್ಡಿನ ಎಡತುದಿಯಲ್ಲಿ ಪ್ರತಿ ಆಯುಧಪೂಜೆಗೆ ಅಮ್ಮ ಹಚ್ಚಿದ ಕುಂಕುಮ ಪದರ ಪದರವಾಗಿ ಕೂತಿದೆ. ಅಮ್ಮ ತೀರಿಕೊಂಡು ನಾಲ್ಕು ವರ್ಷ.

ತಮ್ಮನ ಮದುವೆ ಗೊತ್ತಾಗಿದೆ. ದಿಬ್ಬಣಕ್ಕೆ ಅದೇ ಕಾರು ಬೇಕು ಅನ್ನೋದು ಅವನ ಆಸೆ. ಮೆಟಾಲಿಕ್ ಕೆಂಪು ಬಣ್ಣ, ಅಲಾಯ್ ವೀಲು, ಹೊಸ ಸೀಟು, ಏಸಿ, ಹೊಸ ಡ್ಯಾಶ್‌ಬೋರ್ಡು. ಹಾಸನದ ಗ್ಯಾರೇಜಿನವರು ಎಸ್ಟಿಮೇಟ್ ಕೊಟ್ಟಿದ್ದಾರೆ. ಅಪ್ಪ ‘ನಿಮ್ಮಿಷ್ಟ’ ಅನ್ನುತ್ತಾರೆ. ಅಪ್ಪ ‘ನಿಮ್ಮಿಷ್ಟ’ ಅಂದರೆ ‘ಬೇಡ’ ಅಂತಲೇ ಲೆಕ್ಕ.

ಬುಗಾಟಿಯ ಫೋಟೊ ಕಳಿಸಿದೆ. ತಮ್ಮ ಕೂಡಲೇ ಫೋನ್ ಮಾಡಿದ.

“ಅಕ್ಕಾ, ಅದು 2020ರ ಹರಾಜಲ್ಲಿ 95 ಲಕ್ಷ ಪೌಂಡಿಗೆ ಹೋಗಿರೋ ಕಾರು, ನೋಡ್ದೆ ನಾನು. ನಮ್ದು ತುಕ್ಕು ಹಿಡಿದ ಡಬ್ಬ. ಅದಕ್ಕೂ ಇದಕ್ಕೂ ಯಾಕೆ ಗಂಟು ಹಾಕ್ತೀಯ? ವರ್ಷಕ್ಕೊಂದ್ಸಲ ಬಂದು ನೋಡೋಳು ನೀನು. ಮಳೆಗಾಲದಲ್ಲಿ ಅದರ ಹಿಂದೆ ಒದ್ದಾಡೋನು ನಾನು.”

ಅವನ ಮಾತಲ್ಲಿ ನ್ಯಾಯ ಇದೆ. ಮಲೆನಾಡಿನ ಮಳೆಗೆ ಕಾರಿನ ಫ್ಲೋರ್ ತೂತಾಗಿದೆ, ಬ್ರೇಕ್ ಹಿಡಿಯಲ್ಲ. ಇದ್ದ ಹಾಗೇ ಬಿಟ್ಟರೆ ಅದು ಉಳಿಸಿದಂತಲ್ಲ, ಕೊಳೆಯಲು ಬಿಟ್ಟಂತೆ. ಆ ಬುಗಾಟಿಯೂ ಸುಮ್ಮನೆ ಶೆಡ್ಡಲ್ಲಿ ಮಲಗಿರಲಿಲ್ಲ. ಬೆಳಿಗ್ಗೆ ಹುಲ್ಲಿನ ಮೇಲೆ, ಸಂಜೆ ವೇದಿಕೆಗೆ ತಾನೇ ಓಡಿಕೊಂಡು ಬಂತು. ಎಂಜಿನ್, ಬ್ರೇಕ್, ವೈರಿಂಗ್ ಎಲ್ಲ ಯಾರೋ ನಿಗಾ ಇಟ್ಟು ನೋಡಿಕೊಂಡಿದ್ದಾರೆ. ಬಣ್ಣದ ತಂಟೆಗೆ ಹೋಗಿಲ್ಲ, ಅಷ್ಟೆ.

ಇನ್ನೊಂದು ವಿಷಯವನ್ನೂ ತಮ್ಮನಿಗೆ ಹೇಳಿದೆ, ನಿಮ್ಮ ಮನೆಯಲ್ಲೂ ಹಳೇ ಗಾಡಿ ಇದ್ದರೆ ಕೇಳಿಸಿಕೊಳ್ಳಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಷಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. 20,000 ರೂಪಾಯಿ ಕಟ್ಟಿದರೆ 10 ವರ್ಷಕ್ಕೆ ನೋಂದಣಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ. ಆದರೆ ದಿನಾ ಓಡಿಸೋ ಹಾಗಿಲ್ಲ. ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕಷ್ಟೇ. ನಮ್ಮ ಫಿಯೆಟ್ಟಿಗೆ 2028ಕ್ಕೆ 50 ತುಂಬುತ್ತೆ.

“ಅಲ್ಲೀತನಕ ಅಪ್ಪನ ಹತ್ರ ಓಡಾಡೋಕೆ ಸ್ಕೂಟರ್ ಇದೆ ಬಿಡು” ಅಂದ. ಅದು ಒಪ್ಪಿಗೆಯೋ ಗೇಲಿಯೋ ತಿಳಿಯಲಿಲ್ಲ.

ಇಂಥ ಕಾರು ನೋಡೋಕೆ ಅಮೆರಿಕಕ್ಕೇ ಬರಬೇಕು ಅಂತೇನಿಲ್ಲ. ಧರ್ಮಸ್ಥಳದ ಕಾರು ಸಂಗ್ರಹ ಗೊತ್ತೇ ಇದೆ, ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಮ್ಯೂಸಿಯಂ ಇದೆ. ತಮ್ಮನನ್ನು ಅಲ್ಲಿಗೆ ಕಳಿಸಿದ್ದೆ. ಭಾವಿ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದ. ಫೋಟೊ ನೋಡಿ ಅವಳೇ ನನಗೆ ಮೆಸೇಜ್ ಹಾಕಿದಳು: “ಅಕ್ಕಾ, ಕೆಂಪು ಬೇಡ ಅಂತ ನಾನೂ ಹೇಳ್ತಿದೀನಿ. ಏಸಿ ಮಾತ್ರ ಬೇಕು, ಸೀರೆ ಉಟ್ಕೊಂಡು ಕೂರೋಳು ನಾನು.”

ಸದ್ಯಕ್ಕೆ ಫ್ಲೋರ್ ವೆಲ್ಡಿಂಗ್ ಮುಗಿದಿದೆ, ಬ್ರೇಕ್ ಕೆಲಸ ನಡೀತಿದೆ. ಅಲಾಯ್ ವೀಲ್ ಆರ್ಡರ್ ರದ್ದು. ಬಣ್ಣದ ಮಾತು ಇನ್ನೂ ಇತ್ಯರ್ಥ ಆಗಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚೋದು ಬೇಡ ಅಂತ ಮಾತ್ರ ಅಪ್ಪ ಗ್ಯಾರೇಜಿನವರಿಗೆ ತಾವೇ ಫೋನ್ ಮಾಡಿ ಹೇಳಿದರಂತೆ.